ಇಎಂಐ ನಿಲ್ಲಿಸಬೇಡ, ತಮ್ಮಾ

ತಮ್ಮಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಆಗ ಒಲೆಯ ಮೇಲೆ ಕುಕ್ಕರ್ ಇತ್ತು, ಮಾತಾಡಲು ಆಗಲಿಲ್ಲ. ಈಗ ಬಾಲ್ಕನಿಗೆ ಬಂದು ಕೂತಿದ್ದೇನೆ. ಇಲ್ಲಿ ಪುಣೆಯ ಪೌಡ್ ರೋಡಿನ ಗಾಡಿಗಳ ಸದ್ದು ಬಂದರೆ ಸಹಿಸಿಕೋ. ಉದ್ದ ಆಗುತ್ತದೆ, ಲೋಕಲ್‌ನಲ್ಲಿ ಕೂತಾಗ ಕೇಳು.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ. ತಳೇಗಾಂವಿನ ಅಪ್ಪನ ರೋ ಹೌಸ್ ಬಾಡಿಗೆಗೆ ಕೊಟ್ಟಿದ್ದೇವಲ್ಲ, ಅದರ ಮಾಳಿಗೆಗೆ ಇವನು ಏಳು ತಿಂಗಳ ಹಿಂದೆ ಫೈನಾನ್ಸ್ ಕಂಪನಿಯ ಸಾಲದಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ. ಫಲಕ ಕೂತಿವೆ. ನೆಟ್ ಮೀಟರ್, ಅಂದರೆ ಲೈನಿಗೆ ಹೋದ ಕರೆಂಟು, ಲೈನಿನಿಂದ ಬಂದ ಕರೆಂಟು ಎರಡನ್ನೂ ಅಳೆಯುವ ಮೀಟರ್, ಬಂದಿಲ್ಲ. ಸರ್ಕಾರದ ಸಬ್ಸಿಡಿ ಬಂದಿಲ್ಲ. ಇಎಂಐ ಮಾತ್ರ ತಿಂಗಳಿಗೆ 6,400 ತಪ್ಪದೆ ಹೋಗುತ್ತಿದೆ. ಇವತ್ತು ಇವನು ಕೇಳಿದ್ದು, ಆಟೋ ಡೆಬಿಟ್ ನಿಲ್ಲಿಸಲಾ ಅಂತ. ಕಾಕಾ, ನೀವು ಹೇಳಿದ್ದು 'ನಿಲ್ಲಿಸು, ಏನು ಮಾಡುತ್ತಾರೋ ನೋಡೋಣ' ಅಂತ. ವೈನಿ, ನೀವು ಬಾಡಿಗೆಯವರ ಹತ್ತಿರ ವಸೂಲಿ ಮಾಡಿ ಅಂದಿರಿ.

ಇಬ್ಬರ ಮಾತೂ ಬೇಡ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ತಪ್ಪು. ಪುಕ್ಕಟೆ ಕರೆಂಟಿನ ಆ ಜಾಹೀರಾತನ್ನು ಈ ಗ್ರೂಪಿಗೆ ಫಾರ್ವರ್ಡ್ ಮಾಡಿದ್ದು ನಾನೇ. ಮೇಲಿಂದ ಕೈಮುಗಿದ ಇಮೋಜಿ ಬೇರೆ. 31 ವರ್ಷ ಬ್ಯಾಂಕಿನಲ್ಲಿ ಸಾಲದ ಟೇಬಲ್ಲಿನಲ್ಲಿ ಕೂತವಳು ಕೆಳಗಿನ ಸಣ್ಣ ಅಕ್ಷರ ಓದಲಿಲ್ಲ ನೋಡು.

ನೀನು ಕಳಿಸಿದ ಕಾಗದಗಳನ್ನೆಲ್ಲ ನೋಡಿದೆ. ಸೋಲಾರ್ ಹಾಕಿದ ಆ ಹುಡುಗ ಸಾಲದ ಬಡ್ಡಿ 'ಬರೀ 12 ಪರ್ಸೆಂಟ್' ಅಂತ ನಿನಗೆ ಅಂದ. ಸುಳ್ಳಲ್ಲ, ಆದರೆ ಅದು ಫ್ಲಾಟ್ ಬಡ್ಡಿ. 2,40,000ಕ್ಕೆ ವರ್ಷಕ್ಕೆ 12ರಂತೆ ಐದು ವರ್ಷ, ಅಂದರೆ 1,44,000 ಬಡ್ಡಿ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ. ನಮ್ಮ ಬ್ಯಾಂಕಿನ ಲೆಕ್ಕಕ್ಕೆ ತಂದರೆ ಇದು 20 ಪರ್ಸೆಂಟ್ ದಾಟುತ್ತದೆ. ಮೇಲೆ ವಿಮೆ, ಪ್ರೊಸೆಸಿಂಗ್ ಅಂತ ಬೇರೆ 9,600 ಕಿತ್ತಿದ್ದಾರೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದಾಗ 3 ಕಿಲೋವ್ಯಾಟ್‌ವರೆಗಿನ ಸಾಲಕ್ಕೆ ಸರ್ಕಾರಿ ಬ್ಯಾಂಕುಗಳ ಬಡ್ಡಿ 7ರ ಆಸುಪಾಸು ಇತ್ತು. ಇದೇ ಮೊತ್ತಕ್ಕೆ ಆ ಬಡ್ಡಿಯಾದರೆ ಕಂತು 4,750 ಚಿಲ್ಲರೆ. ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಹೋಗಲಿ ಬಿಡು.

ಸಬ್ಸಿಡಿ ಕಥೆ ಇನ್ನೊಂದು. 3 ಕಿಲೋವ್ಯಾಟ್‌ಗೆ 78,000 ನಿಜ. ಆದರೆ ಅದನ್ನು ಮೊದಲೇ ಕಳೆದುಕೊಂಡು ಸಾಲ ಕೊಡುತ್ತಾರೆ ಅಂತ ಅವನು ಹೇಳಿದ್ದು ಸುಳ್ಳು. ಕೆಲಸ ಮುಗಿದು, ನೆಟ್ ಮೀಟರ್ ಕೂತು, ತಪಾಸಣೆ ಆದ ಮೇಲೆ ಅದು ಗ್ರಾಹಕನ ಬ್ಯಾಂಕ್ ಖಾತೆಗೆ ಬರುತ್ತದೆ. ಈಗ ಗ್ರಾಹಕ ಯಾರು? ಬಾಡಿಗೆಯವರು ಫೋಟೋ ತೆಗೆದು ಕಳಿಸಿದ ಮಹಾವಿತರಣದ ಕರೆಂಟ್ ಬಿಲ್ ನೋಡಿದೆಯಾ? ಅದರ ಮೇಲೆ ಇನ್ನೂ ಅಪ್ಪನ ಹೆಸರಿದೆ! ಅಪ್ಪ ಹೋಗಿ ಆರು ವರ್ಷ. ಬಿಲ್ ಒಬ್ಬರ ಹೆಸರಲ್ಲಿ, ಖಾತೆ ಇನ್ನೊಬ್ಬರ ಹೆಸರಲ್ಲಿ ಇದ್ದರೆ ಅರ್ಜಿ ಮುಂದೆ ಹೋಗುವುದಾದರೂ ಹೇಗೆ? ಇದನ್ನು ಮೊದಲ ದಿನವೇ ಅವನು ನೋಡಬೇಕಿತ್ತು. ನಾವೂ ನೋಡಬೇಕಿತ್ತು.

ತಡಿ, ಬೆಲ್ ಆಯಿತು… ಹಾಂ, ಬಂದೆ. ಇಸ್ತ್ರಿಯವನು.

ವೈನಿ, ಈಗ ಬಾಡಿಗೆಯವರ ವಿಷಯ. ಅವರಿಬ್ಬರೇ ಇರುವುದು. ತಿಂಗಳಿಗೆ 110 ಯೂನಿಟ್ ಸುಡುತ್ತಾರೆ, ಬಿಲ್ ಸಾವಿರದ ಆಸುಪಾಸು. 3 ಕಿಲೋವ್ಯಾಟ್ ಸರಿಯಾಗಿ ಓಡಿದರೆ ತಿಂಗಳಿಗೆ 300 ಯೂನಿಟ್ ದಾಟುತ್ತದೆ. ಅಂದರೆ ಎಲ್ಲ ನೆಟ್ಟಗೆ ನಡೆದಿದ್ದರೂ ಉಳಿಯುತ್ತಿದ್ದದ್ದು ಅವರ ಸಾವಿರ, ಹೋಗುತ್ತಿದ್ದದ್ದು ಇವನ 6,400. ಮನೆ ಇವನದು, ಬಿಲ್ ಅವರದು. ಬಾಡಿಗೆ ಮನೆಗೆ ಸಾಲ ಮಾಡಿ ಸೋಲಾರ್ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೇ ಇದು. ಅವರೇನೂ ಕೇಳಿರಲಿಲ್ಲ. ಇವನು ಫೋನ್ ಮಾಡಿದ್ದಕ್ಕೆ ಮಾಳಿಗೆಯ ಬಾಗಿಲು ತೆಗೆದುಕೊಟ್ಟರು, ಅಷ್ಟೇ. ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರು ನೋಂದಣಿ ಆಗಿದೆ, ಬಾಡಿಗೆ ಅದರಲ್ಲಿ ಬರೆದಿದೆ, ಅವಧಿಯ ನಡುವೆ ಜಾಸ್ತಿ ಕೇಳುವ ಹಾಗಿಲ್ಲ. ಕರೆಂಟ್ ಹೋದರೂ ದೀಪ ಉರಿಯುತ್ತದೆ ಅಂತ ಆ ಹುಡುಗ ಅವರಿಗೂ ಹೇಳಿದ್ದನಂತೆ. ಬ್ಯಾಟರಿ ಇಲ್ಲದ ಈ ಥರದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವವನಿಗೆ ಶಾಕ್ ಹೊಡೆಯಬಾರದಲ್ವಾ, ಅದಕ್ಕೆ. ಪಾಪ, ಆ ದಂಪತಿ ನಮ್ಮ ಸಾಕ್ಷಿಗಳು. ಯಾವ ದಿನ ಕೆಲಸದವರು ಬಂದರು, ಯಾವ ದಿನ ಬರುವುದು ನಿಲ್ಲಿಸಿದರು ಎಂಬುದು ಗೊತ್ತಿರುವುದು ಅವರಿಗೆ. ಅವರ ಜೊತೆ ಜಗಳ ಬೇಡ.

ಕಾಕಾ, ಕಂತು ನಿಲ್ಲಿಸಿದರೆ ಆಗುವುದು ಇಷ್ಟು: ಬ್ಯಾಂಕು, ಫೈನಾನ್ಸ್ ಕಂಪನಿ ಎರಡೂ ಕಡೆ ಬೌನ್ಸ್ ಚಾರ್ಜು, ದಿನಾ ವಸೂಲಿ ಫೋನು, ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ. ಮುಂದಿನ ವರ್ಷ ಮಗಳ ಓದಿಗೆ ಸಾಲ ಕೇಳಬೇಕು ಇವನು. ಹಾಗಾಗಿ ಕಟ್ಟುತ್ತಾ ಇರು. ಆದರೆ ಬಾಯಿ ಮುಚ್ಚಿಕೊಂಡಲ್ಲ. 'ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ, ಒಪ್ಪಿಕೊಂಡಂತೆ ಅಲ್ಲ' ಅಂತ ಮೇಲ್‌ನಲ್ಲಿ ಬರೆ.

ಜಗಳ ಒಂದಲ್ಲ, ಎರಡು. ಕೆಲಸ ಅರ್ಧಕ್ಕೆ ಬಿಟ್ಟವನು ಬೇರೆ, ಸಾಲ ಕೊಟ್ಟ ಫೈನಾನ್ಸ್ ಕಂಪನಿ ಬೇರೆ. ಫೋನ್ ಮಾಡಿದಾಗಲೆಲ್ಲ ಅವನು ಇವರ ಮೇಲೆ, ಇವರು ಅವನ ಮೇಲೆ ಹಾಕುತ್ತಾರೆ. ಏಳು ತಿಂಗಳು ಕಳೆದದ್ದು ಅದರಲ್ಲೇ ಅಲ್ವಾ?

ಸಾಲಕ್ಕೆ ಒಪ್ಪಿಗೆ ಅಂತ ಆದ ಆ ಓಟಿಪಿ ಹೇಳಿದ್ದು ನೀನೇ. ಸಬ್ಸಿಡಿ ನೋಂದಣಿಗೆ ಅಂತ ಅವನು ಕೇಳಿದ್ದು ಮೋಸವೇ ಇರಬಹುದು. ಆದರೆ ಸಾಲವೇ ನನ್ನದಲ್ಲ ಅಂತ ವಾದಿಸಿದರೆ ನಿಲ್ಲುವುದು ಕಷ್ಟ. ಅದಕ್ಕಿಂತ ಗಟ್ಟಿ ಹಿಡಿತ ಬೇರೆ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ನಿಯಮ. ಎಲ್ಲ ಖರ್ಚು ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರಬೇಕು. ಅವರು ವಸೂಲಿ ಮಾಡುವ ವಿಮೆ ದುಡ್ಡೂ ಆ ಲೆಕ್ಕಕ್ಕೆ ಬರುತ್ತದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅದರಲ್ಲಿ ಇಲ್ಲದ ಚಾರ್ಜನ್ನು ನಿನ್ನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ನಿನ್ನ ಸಾಲ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಆ ಕಾಗದ ನಿನಗೆ ಬಂದೇ ಇಲ್ಲ ಅನ್ನುತ್ತೀಯ. ಹಾಗಾದರೆ ಕೇಳು ಅದನ್ನು.

ಇನ್ನೊಂದು, ನನಗೆ ನಿದ್ದೆ ಕೆಡಿಸಿದ್ದು. ಪೂರ್ತಿ 2,40,000 ಒಂದೇ ಸಲ ಅವನ ಕೈಗೆ ಹೋಗಿದೆ, 'ಕೆಲಸ ಪೂರ್ಣ' ಎಂಬ ಕಾಗದದ ಮೇಲೆ. ಅದರಲ್ಲಿ ನಿನ್ನ ಇ-ಸೈನ್ ಇದೆ. ಆ ತಾರೀಖು ನೋಡಿದೆ. ಅವತ್ತು ನೀನು ಡೊಂಬಿವಲಿಯಲ್ಲಿ ನಮ್ಮ ಸತ್ಯನಾರಾಯಣ ಪೂಜೆಯಲ್ಲಿ ಕೂತಿದ್ದೆ, ಫೋಟೋ ಇದೇ ಗ್ರೂಪಿನಲ್ಲಿದೆ! ನೆಟ್ ಮೀಟರ್ ಇಲ್ಲದೆ ಯಾವ ಕೆಲಸ ಪೂರ್ಣ ಆಯಿತು, ಯಾರು ಹೋಗಿ ನೋಡಿದರು, ದುಡ್ಡು ಯಾವ ದಿನ ಯಾರ ಖಾತೆಗೆ ಹೋಯಿತು ಅಂತ ಕಂಪನಿಯ ದೂರು ಅಧಿಕಾರಿಗೆ ಬರೆ. ಫೋನ್ ಬೇಡ, ಮೇಲ್. ಸಿಟ್ಟಿನ ಮಾತು ಒಂದೂ ಬೇಡ. ಡ್ರಾಫ್ಟ್ ನಾನು ಮಾಡುತ್ತೇನೆ.

30 ದಿನ ಕಾಯುವುದು. ಉತ್ತರ ಬರದಿದ್ದರೆ, ಬಂದರೂ ಸಮಾಧಾನ ಇಲ್ಲದಿದ್ದರೆ, ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಆನ್‌ಲೈನಿನಲ್ಲೇ ಹಾಕಬಹುದು, ಫೀ ಇಲ್ಲ, ವಕೀಲ ಬೇಡ. ಏನಾದರೂ ಕೇಳಬೇಕಿದ್ದರೆ 14448ಕ್ಕೆ ಫೋನ್ ಮಾಡು. ಸೋಲಾರ್‌ನವನ ಮೇಲೆ ಮೊದಲು 1915, ಗ್ರಾಹಕ ಸಹಾಯವಾಣಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀನಿರುವುದು ಠಾಣೆ ಜಿಲ್ಲೆ, ಅಲ್ಲೇ ಹಾಕಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬಾಡಿಗೆ ಮನೆ ಅಂದರೆ ವ್ಯಾಪಾರ, ನೀನು ಗ್ರಾಹಕನೇ ಅಲ್ಲ ಅಂತ ಅವರ ವಕೀಲ ಎಬ್ಬಿಸಬಹುದು. ಅಪ್ಪ ಬಿಟ್ಟುಹೋದ ಒಂದೇ ಮನೆ ಅಂತ ಅರ್ಜಿಯಲ್ಲೇ ಬರೆದುಬಿಡೋಣ. ಫೈನಾನ್ಸ್ ಕಂಪನಿಯನ್ನು ಮಾತ್ರ ಆಯೋಗಕ್ಕೆ ಎಳೆಯುವುದು ಬೇಡ. ಅದೇ ತಕರಾರು ಅಲ್ಲಿ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ಸಾಲ ಪೂರ್ತಿ ಮಾಫಿ ಆಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡ. ಚಾರ್ಜು ವಾಪಸ್ ಬರಬಹುದು, ಅವನ ಹತ್ತಿರ ಕೆಲಸ ಮುಗಿಸಿಕೊಳ್ಳಬಹುದು. ನೆಟ್ ಮೀಟರ್ ಬಂದು, ಯೋಜನೆಯ ಪೋರ್ಟಲ್‌ನಲ್ಲಿ ಅವನ ನೋಂದಣಿ ನಿಜವಾಗಿದ್ದರೆ 78,000 ಸಿಗಬಹುದು. ಈಗಲೇ ಸಾಲ ತೀರಿಸಿದರೆ ಎಷ್ಟು ಆಗುತ್ತದೆ ಎಂಬ ಲೆಕ್ಕವನ್ನೂ ಅದೇ ಮೇಲ್‌ನಲ್ಲಿ ಕೇಳು. 20 ಪರ್ಸೆಂಟ್ ಸಾಲವನ್ನು ಐದು ವರ್ಷ ಎಳೆಯುವುದು ಸರಿಯಲ್ಲ. ನನ್ನದೊಂದು ಎಫ್‌ಡಿ ಮುಂದಿನ ತಿಂಗಳು ಮುಗಿಯುತ್ತದೆ. ಆ ಮಾತು ಫೋನಿನಲ್ಲಿ.

ಭಾನುವಾರ ತಳೇಗಾಂವಿಗೆ ಬಾ. ಲೋಣಾವಳೆಗೆ ಬಂದು ಪುಣೆ ಲೋಕಲ್ ಹಿಡಿ, ನಾನು ಈ ಕಡೆಯಿಂದ ಬರುತ್ತೇನೆ. ಮೊದಲು ಬಿಲ್ಲಿನ ಹೆಸರು ಬದಲಾಯಿಸುವ ಕಾಗದ ತುಂಬೋಣ. ಅಪ್ಪನ ಡೆತ್ ಸರ್ಟಿಫಿಕೇಟ್ ನನ್ನ ಕಪಾಟಿನಲ್ಲಿದೆ, ತರುತ್ತೇನೆ. ಮನೆ ತೆರಿಗೆಯ ರಸೀದಿ ನಿನ್ನ ಹತ್ತಿರ ಇರಬೇಕು, ಹುಡುಕು. ಬಾಡಿಗೆಯವರಿಗೆ ಇವತ್ತೇ ಹೇಳಿಡು, ನಾವು ಹನ್ನೊಂದಕ್ಕೆ ಬರುತ್ತೇವೆ, ಊಟ ಗೀಟ ಏನೂ ಮಾಡಬೇಡಿ ಅಂತ. ಬುತ್ತಿ ನಾನು ಕಟ್ಟಿಕೊಂಡು ಬರುತ್ತೇನೆ.