ಅಪ್‌ಡೇಟ್: ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್, ನಮ್ಮ ನುಡಿ ಫೈಲ್‌ಗಳು

ಹೋದ ತಿಂಗಳು ಕೇಳಿದ್ದೆನಲ್ಲ, 4 ಜಿಬಿ ರ್‍ಯಾಮ್‌ನ ಅಗ್ಗದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ವೈಫೈ ಇಲ್ಲ, ಕನ್ನಡ ಟೈಪಿಂಗ್ ಇಲ್ಲ, ಏನು ಮಾಡಲಿ ಅಂತ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. 11 ಹಾಕಲು ಈ ಮಷೀನಿಗೆ ಅರ್ಹತೆ ಇಲ್ಲ ಅಂತ ಬಂತು. ಬೇರೆ ದಾರಿ ಇರಲಿಲ್ಲ.

ವೈಫೈ ಬೇಗ ಸರಿಯಾಯಿತು. ನೀವು ಹೇಳಿದ ಹಾಗೆ ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ಫೋನಿನ ಇಂಟರ್‌ನೆಟ್ ಲ್ಯಾಪ್‌ಟಾಪ್‌ಗೆ ಬಂತು. ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ವೈಫೈಗೆ ಬೇಕಾದ ಡ್ರೈವರ್ ಸಿಕ್ಕಿತು.

ನಿಜವಾಗಿ ಕಾಡಿದ್ದು ಕನ್ನಡ. ಹಾಸನದ ಹತ್ತಿರ ನಮ್ಮೂರಿನ ಹಾಲಿನ ಡೈರಿಯ ಪತ್ರ, ನಡಾವಳಿ ಎಲ್ಲ ನಾನೇ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವುದು, ಹತ್ತು ವರ್ಷದಿಂದ. ಆ ಫೈಲ್‌ಗಳನ್ನು ಲಿಬ್ರೆಆಫೀಸ್‌ನಲ್ಲಿ (ವರ್ಡ್‌ನಂಥದ್ದು) ತೆರೆದರೆ ಸಾಲು ಸಾಲು ಇಂಗ್ಲಿಷ್ ಅಕ್ಷರ, ಮಧ್ಯೆ ಮಧ್ಯೆ ತಲೆ ಮೇಲೆ ಚುಕ್ಕಿ ಇಟ್ಟಂಥವು. ಎದೆ ಧಸಕ್ಕೆಂದಿತು. ಆದರೆ ಏನೂ ಹಾಳಾಗಿರಲಿಲ್ಲ. ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುತ್ತವೆ. ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿದ್ದ ಫಾಂಟ್ ಹಾಕಿದೆ, ಎಲ್ಲ ವಾಪಸ್ ಬಂತು. ಈಗ ದಿನಾ ನಾಲ್ಕೈದು ಫೈಲ್ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ. ಇದನ್ನು ಯಾವತ್ತೋ ಮಾಡಬೇಕಿತ್ತು, ಅಲ್ವಾ?

ಟೈಪಿಂಗ್‌ಗೆ ಐಬಸ್‌ನಲ್ಲಿ (ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಸಾಧನ) ಕಗಪ ಲೇಔಟ್, ಅಂದರೆ ನುಡಿಯಲ್ಲಿದ್ದ ಅದೇ ಕೀಲಿ ಜೋಡಣೆ, ಸೇರಿಸಿದೆ. ಕೆ, ಎಫ್, ಎಕ್ಸ್ ಒತ್ತಿದೆ. ‘ಕ್ಷ’ ಬಂತು! ಕೈಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಪ್ರಿಂಟರ್ ಇನ್ನೂ ಕೈಕೊಡುತ್ತಿದೆ. ಸದ್ಯಕ್ಕೆ ಪಿಡಿಎಫ್ ಮಾಡಿಕೊಂಡು ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.