ವಯೋಲಾ ಡೇವಿಸ್ ನಟನೆ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಬದಿಯಡ್ಕದ ಟೀಚರ್:

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವದ ನಾಟಕಕ್ಕೆ ತಯಾರಿ ನಡೆಯುತ್ತಾ ಇದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ನೆರೆಮನೆ ಹೆಂಗಸಿನ ಪಾತ್ರ. ಇಡೀ ನಾಟಕದಲ್ಲಿ ಒಂದೇ ದೃಶ್ಯ. ತುಂಬಾ ಚೆನ್ನಾಗಿ ಮಾಡುತ್ತಾಳೆ. ಆದರೆ "ನಾನು ಬಂದು ಹೋದದ್ದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಟೀಚರ್" ಅಂತ ಮುಖ ಸಪ್ಪೆ ಮಾಡಿಕೊಂಡಿದ್ದಾಳೆ.

ಅಮೆರಿಕದ ನಟಿ ವಯೋಲಾ ಡೇವಿಸ್ ಚಿಕ್ಕ ಚಿಕ್ಕ ಪಾತ್ರ ಮಾಡುತ್ತಲೇ ಮೇಲೆ ಬಂದವರು ಅಂತ ಕೇಳಿದ್ದೇನೆ. ನಾನು ನೋಡಿದ್ದು ಅವರ 'ದಿ ಹೆಲ್ಪ್' ಸಿನಿಮಾ ಮಾತ್ರ. ಅವಳಿಗೆ ಯಾವುದನ್ನು ತೋರಿಸಬಹುದು?

ಕುಂಬಳೆಯ ನಾಟಕದವ:

ಟೀಚರೇ, ಬೇರೆ ಯೋಚನೆಯೇ ಬೇಡ. 'ಡೌಟ್' ತೆಗೆಯಿರಿ. 2008ರ ಸಿನಿಮಾ. ಕಥೆ ನಡೆಯುವುದು 1964ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಚರ್ಚ್ ಶಾಲೆಯಲ್ಲಿ. ಶಾಲೆಯ ಒಬ್ಬನೇ ಕಪ್ಪು ಹುಡುಗನ ಜೊತೆ ಅಲ್ಲಿನ ಪಾದ್ರಿ ಕೆಟ್ಟದಾಗಿ ನಡೆದುಕೊಂಡಿದ್ದಾರೆ ಅಂತ ಮುಖ್ಯೋಪಾಧ್ಯಾಯಿನಿಗೆ ಸಂಶಯ. ಆ ಹುಡುಗನ ತಾಯಿಯನ್ನು ಕರೆಸುತ್ತಾರೆ. ಆ ತಾಯಿಯೇ ವಯೋಲಾ. ಮುಖ್ಯೋಪಾಧ್ಯಾಯಿನಿಯಾಗಿ ಎದುರಿಗಿರುವುದು ಹೆಸರಾಂತ ನಟಿ ಮೆರಿಲ್ ಸ್ಟ್ರೀಪ್! ಇವರು ಬರುವುದೆಲ್ಲ ಸೇರಿಸಿದರೂ ಹತ್ತು ನಿಮಿಷ ಆಗಲಿಕ್ಕಿಲ್ಲ.

ಇಬ್ಬರೂ ಚಳಿಯಲ್ಲಿ ಹೊರಗೆ ನಡೆಯುತ್ತಾ ಮಾತಾಡುತ್ತಾರೆ. ತಾಯಿಗೆ ಕೆಲಸಕ್ಕೆ ಹೋಗುವ ಗಡಿಬಿಡಿ. ಮನೆಯಲ್ಲಿ ಅಪ್ಪ ಹುಡುಗನಿಗೆ ಹೊಡೆಯುತ್ತಾನೆ. ಜೂನ್ ತನಕ ಹೇಗಾದರೂ ಕಳೆದು ಮಗ ಈ ಶಾಲೆ ಮುಗಿಸಲಿ, ಅಷ್ಟೇ ಸಾಕು ಅನ್ನುವುದು ಅವಳ ಹಟ. ಅಳು ಬರುತ್ತದೆ, ಮೂಗು ಸೋರುತ್ತದೆ. ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಮಾತಾಡುತ್ತಲೇ ಇರುತ್ತಾಳೆ. ಕ್ಯಾಮೆರಾ ಮುಂದೆ ಚೆಂದ ಕಾಣಬೇಕು ಅನ್ನುವ ಆಸೆ ಒಂದು ಚೂರೂ ಇಲ್ಲ. ಅಷ್ಟಕ್ಕೇ ಆಸ್ಕರ್ ನಾಮನಿರ್ದೇಶನ ಬಂತು.

ಅದು ಸುಮ್ನೆ ಬಂದದ್ದಲ್ಲ. ರೋಡ್ ಐಲ್ಯಾಂಡಿನ ಸೆಂಟ್ರಲ್ ಫಾಲ್ಸ್‌ನಲ್ಲಿ ಕಡು ಬಡತನದಲ್ಲಿ ಬೆಳೆದವರು. ಜೂಲಿಯಾರ್ಡ್ ನಾಟಕಶಾಲೆಯಿಂದ 1993ರಲ್ಲಿ ಹೊರಗೆ ಬಂದರು. ಸಿನಿಮಾದಲ್ಲಿ ಮೊದಲು ಸಿಕ್ಕಿದ್ದು ಒಬ್ಬಳು ನರ್ಸ್‌ನ ಪಾತ್ರ. ರಂಗದ ಮೇಲೆ ಮಾತ್ರ ಆಗಲೇ ದೊಡ್ಡ ಹೆಸರು, 2001ರಲ್ಲಿ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ ಸಿಕ್ಕಿತ್ತು. ನಾಟಕದವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಆಗಸ್ಟ್ ವಿಲ್ಸನ್ ಬರೆದ 'ಫೆನ್ಸಸ್' ನಾಟಕದ ರೋಸ್ ಪಾತ್ರವನ್ನು 2010ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ಬ್ರಾಡ್‌ವೇಯಲ್ಲಿ ಮಾಡಿ ಇನ್ನೊಂದು ಟೋನಿ ಪಡೆದರು. ಅದೇ ರೋಸ್ ಪಾತ್ರ 2016ರಲ್ಲಿ ಸಿನಿಮಾದಲ್ಲೂ ಮಾಡಿದರು, ಮರುವರ್ಷ ಆಸ್ಕರ್ ಬಂತು. ರಂಗದಲ್ಲಿ ಅಷ್ಟು ಸಲ ಆಡಿದ ಮಾತು ಮೈಗೆ ಹತ್ತಿರುತ್ತದೆ. ಅದು ತೆರೆಯ ಮೇಲೂ ಕಾಣುತ್ತದೆ.

ಮಂಜೇಶ್ವರದ ಹುಡುಗಿ:

ಮಾಸ್ಟ್ರು ಟಿವಿಯ ವಿಷಯ ಹೇಳಲೇ ಇಲ್ಲ. ನನ್ನ ಪ್ರಕಾರ ಸಿನಿಮಾ ಕೊಡದ ಜಾಗ ಅವರಿಗೆ ಕೊಟ್ಟದ್ದು ಟಿವಿ. 'ಹೌ ಟು ಗೆಟ್ ಅವೇ ವಿತ್ ಮರ್ಡರ್' 2014ರಲ್ಲಿ ಶುರುವಾದಾಗ ಅವರಿಗೆ 49 ವರ್ಷ. ಆರು ಸೀಸನ್ ಪೂರ್ತಿ ಅವರೇ ನಾಯಕಿ. ಅದಕ್ಕೆ 2015ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ. ಡ್ರಾಮಾ ಸರಣಿಯ ಮುಖ್ಯ ನಟಿಗೆ ಕೊಡುವ ಆ ಪ್ರಶಸ್ತಿ ಕಪ್ಪು ಮಹಿಳೆಯೊಬ್ಬರಿಗೆ ಬಂದದ್ದು ಅದೇ ಮೊದಲು. ಆ ದಿನ ವೇದಿಕೆಯಲ್ಲಿ ಅವರು, ನಮಗೂ ಬೇರೆಯವರಿಗೂ ಇರುವ ವ್ಯತ್ಯಾಸ ಅವಕಾಶ ಒಂದೇ ಅಂದರು. ಅವರು ಅಷ್ಟು ವರ್ಷ ಕಾದದ್ದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೊದಲ ಸೀಸನ್‌ನ ನಾಲ್ಕನೇ ಕಂತಿನ ಕೊನೆಗೆ ಕನ್ನಡಿ ಮುಂದೆ ಕೂತು ವಿಗ್ ತೆಗೆಯುತ್ತಾರೆ. ಆಮೇಲೆ ಅಂಟಿಸಿದ ರೆಪ್ಪೆಗೂದಲು. ಆಮೇಲೆ ಮುಖದ ಬಣ್ಣ. ಯಕ್ಷಗಾನದ ಆಟ ಮುಗಿದ ಮೇಲೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಳಚುವುದನ್ನು ಹತ್ತಿರದಿಂದ ಕಂಡವರಿಗೆ ಆ ಮುಖ ಗೊತ್ತಾಗುತ್ತದೆ.

ಇನ್ನೊಂದು ನನಗೆ ಬಹಳ ಇಷ್ಟ. ಚಿಕ್ಕಂದಿನಲ್ಲಿ ಟಿವಿಯಲ್ಲಿ ನಟಿ ಸಿಸಿಲಿ ಟೈಸನ್ ಅವರನ್ನು ನೋಡಿಯೇ ವಯೋಲಾಗೆ ನಟಿಯಾಗುವ ಆಸೆ ಹುಟ್ಟಿದ್ದು. ಈ ಸರಣಿಯಲ್ಲಿ ಅವರ ತಾಯಿಯಾಗಿ ಬರುವುದು ಅದೇ ಸಿಸಿಲಿ ಟೈಸನ್!

ಟೀಚರ್, ನೀವು ನೋಡಿದ 'ದಿ ಹೆಲ್ಪ್' ಬಗ್ಗೆ ವಯೋಲಾಗೇ ಆಮೇಲೆ ಬೇಸರ ಇತ್ತು. ಮನೆಗೆಲಸದ ಹೆಂಗಸರ ಮಾತು ಅದರಲ್ಲಿ ಸರಿಯಾಗಿ ಕೇಳಿಸಲಿಲ್ಲ ಅಂತ 2018ರಲ್ಲಿ ಹೇಳಿದ್ದರು. ಹುಡುಗಿಗೆ ಅದನ್ನೂ ಹೇಳಿ.

ಬದಿಯಡ್ಕದ ಟೀಚರ್:

ಇಬ್ಬರಿಗೂ ಧನ್ಯವಾದ. 'ಡೌಟ್' ದೃಶ್ಯ ನಿನ್ನೆ ರಾತ್ರಿ ನೋಡಿದೆ. ಕಣ್ಣು ತುಂಬಿತು. ಆದರೆ ಆ ಮಾತುಕತೆಯ ವಿಷಯ ಒಂಬತ್ತನೇ ಕ್ಲಾಸಿಗೆ ಜಾಸ್ತಿ ಆಯ್ತು ಅಲ್ವಾ?

ಕುಂಬಳೆಯ ನಾಟಕದವ:

ಹೌದು, ಜಾಸ್ತಿ. ಅದಕ್ಕೇ ಧ್ವನಿ ಬಂದ್ ಮಾಡಿ ಎರಡು ಮೂರು ನಿಮಿಷ ತೋರಿಸಿ. ಒಬ್ಬ ತಾಯಿ ಮಗನಿಗಾಗಿ ಬೇಡಿಕೊಳ್ಳುತ್ತಿದ್ದಾಳೆ ಅಂತ ಮೊದಲೇ ಹೇಳಿದರೆ ಸಾಕು. ಕೈಚೀಲ ಹಿಡಿದುಕೊಂಡ ರೀತಿ, ನಿಂತ ನಿಲುವು, ಕಣ್ಣು ಎಲ್ಲಿ ತಿರುಗುತ್ತದೆ ಅನ್ನುವುದು, ಇಷ್ಟನ್ನೇ ನೋಡು ಅನ್ನಿ. ಆಮೇಲೆ ನಿಮ್ಮ ನೆರೆಮನೆ ಹೆಂಗಸು ಎಲ್ಲಿಂದ ಬಂದಳು, ಒಲೆ ಮೇಲೆ ಏನು ಇಟ್ಟು ಬಂದಳು ಅಂತ ಅವಳ ಹತ್ತಿರವೇ ಕೇಳಿ. ಒಂದು ಪುಟ ಬರೆದು ತರಲಿ. ವಯೋಲಾ ಕೂಡ ಆ ತಾಯಿಯ ಬಗ್ಗೆ ಪುಟಗಟ್ಟಲೆ ಬರೆದುಕೊಂಡೇ ಸೆಟ್ಟಿಗೆ ಹೋದದ್ದು.

ನಾಟಕ ಯಾವ ತಾರೀಕಿಗೆ? ಕುಂಬಳೆಯಿಂದ ಬದಿಯಡ್ಕಕ್ಕೆ ಬಸ್ಸು ಉಂಟಲ್ಲ, ನಾವು ನಾಲ್ಕು ಜನ ಬರುತ್ತೇವೆ.