ಪ್ರಶ್ನೋತ್ತರ: ಆರೋಗ್ಯ ಕಾರ್ಯಕ್ರಮ ರೂಪಿಸುವಾಗ ನರ್ಸ್‌ಗೆ ಏನು ಕೆಲಸ?

ಪ್ರಶ್ನೆ (ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ):
ಮೇಡಂ, ಆರೋಗ್ಯ ಕಾರ್ಯಕ್ರಮ ರೂಪಿಸುವುದರಲ್ಲಿ ನರ್ಸ್ ಪಾತ್ರ ದೊಡ್ಡದು ಅಂತ ಪಾಠದಲ್ಲಿ ಓದಿದೆವು. ಜಗಳೂರು ಕಡೆ ಪೋಸ್ಟಿಂಗ್‌ಗೆ ಹೋದಾಗ ಕಂಡದ್ದೇ ಬೇರೆ. ಆದೇಶ ಮೇಲಿಂದ ಬರುತ್ತದೆ, ಸಿಸ್ಟರ್‌ಗಳು ಮಾತ್ರೆ ಹಂಚಿ ರಿಜಿಸ್ಟರ್ ತುಂಬುತ್ತಾರೆ. ಇದರಲ್ಲಿ ರೂಪಿಸೋದು ಎಲ್ಲಿ ಬಂತು?

ಉತ್ತರ (ಸಮುದಾಯ ಆರೋಗ್ಯ ಅಧಿಕಾರಿ, ಚಳ್ಳಕೆರೆ ತಾಲ್ಲೂಕು):
ನೀವು ಕಂಡದ್ದು ನಿಜ, ಆದರೆ ಅರ್ಧ. ಮೇಲಿಂದ ಬರುವುದು ಮಾತ್ರೆ ಮತ್ತು ಗುರಿ. 2018ರಲ್ಲಿ ಶುರುವಾದ, ರಕ್ತಹೀನತೆ ತಡೆಯುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವನ್ನೇ ತಗೊಳ್ಳಿ. ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ, ಕನಿಷ್ಠ 180 ದಿನ. ಬಾಣಂತಿಗೆ ಮತ್ತೆ 180 ದಿನ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಇಷ್ಟನ್ನು ದೆಹಲಿಯಲ್ಲಿ ಕೂತು ಬರೆಯಬಹುದು. ಆ ಮಾತ್ರೆ ಈ ಊರಿನ ಹೆಂಗಸಿನ ಹೊಟ್ಟೆಗೆ ಹೋಗುವುದು ಹೇಗೆ ಅಂತ ಅಲ್ಲಿಂದ ಬರೆಯೋಕೆ ಆಗಲ್ಲ. ಅದನ್ನು ಬರೆಯಬೇಕಾದವರು ನಾವು.

ಯಾವುದಾದರೂ ಮನೆಗೆ ಹೋಗಿ ತಾಯಿ ಕಾರ್ಡ್ ಕೇಳಿ. ಕಾರ್ಡ್ ಜೊತೆ ಅದೇ ಕವರ್‌ನಲ್ಲಿ ಮಾತ್ರೆ ಸ್ಟ್ರಿಪ್‌ಗಳೂ ಇರುತ್ತವೆ. ಮೊದಲನೆಯದರಲ್ಲಿ ಮೂರ್ನಾಲ್ಕು ಖಾಲಿ, ಉಳಿದವು ಹಾಗೇ. ಯಾಕೆ ಬಿಟ್ಟೆಯಮ್ಮ ಅಂದರೆ "ಹೊಟ್ಟೆ ತೊಳಸ್ತದೆ, ಕಪ್ಪಗೆ ಹೋಗ್ತದೆ" ಅನ್ನುತ್ತಾಳೆ. ಪಕ್ಕದಲ್ಲಿ ಕೂತ ಅತ್ತೆ "ಮಗು ಕಪ್ಪಾಗ್ತದಂತೆ" ಅಂತ ಸೇರಿಸುತ್ತಾರೆ. ರಿಜಿಸ್ಟರ್‌ನಲ್ಲಿ ಮಾತ್ರ ಅಷ್ಟೂ ಮಾತ್ರೆ ವಿತರಣೆಯಾಗಿರುತ್ತವೆ.

ನಿಮ್ಮ ಯೋಜನೆ ಇಲ್ಲಿಂದ ಶುರುವಾಗಬೇಕು. ಮಲ ಕಪ್ಪಗಾಗುತ್ತದೆ, ಹೆದರಬೇಡಿ, ಮಗುವಿನ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನೋದನ್ನು ಮೊದಲ ಸ್ಟ್ರಿಪ್ ಕೊಡುವಾಗಲೇ ಹೇಳಿ. ಅತ್ತೆಯನ್ನೂ ಕೂರಿಸಿಕೊಂಡು ಹೇಳಿ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಇನ್ನು ಹೊತ್ತು. ಶೇಂಗಾ ಕೀಳುವ ಕಾಲದಲ್ಲಿ ಹನ್ನೊಂದು ಗಂಟೆಗೆ ಅಂಗನವಾಡಿಯಲ್ಲಿ ರಕ್ತ ಪರೀಕ್ಷೆ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಹೊಲಕ್ಕೆ ಹೋಗುವ ಮುಂಚೆ ಇಡಿ, ಇಲ್ಲಾ ಸಂಜೆ ಇಡಿ. ಯಾವ ಓಣಿಯವರು ಯಾವಾಗ ಮನೆಯಲ್ಲಿರುತ್ತಾರೆ ಅನ್ನೋದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಅವಳನ್ನು ಕೇಳದೆ ತಾರೀಖು ಹಾಕಬೇಡಿ.

ಪ್ರಶ್ನೆ (ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ ಸ್ಟಾಫ್ ನರ್ಸ್, ಹಿರಿಯೂರು ಕಡೆ):
ಹೊತ್ತು ಬದಲಿಸೋಣ ಅಂದರೆ "ಹೇಳಿದಷ್ಟು ಮಾಡಿ" ಅಂತಾರೆ. ಯಾರ ಮುಂದೆ ಹೇಳೋದು?

ಉತ್ತರ:
ಸುಮ್ನೆ ಬಾಯಲ್ಲಿ ಹೇಳಿದರೆ ಗೊಣಗಿದ ಹಾಗೆ ಕೇಳಿಸುತ್ತದೆ. ಒಂದು ಹಾಳೆ ಒಯ್ಯಿರಿ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 11ಕ್ಕಿಂತ ಕಡಿಮೆ ಇದ್ದ ಗರ್ಭಿಣಿಯರು ಎಷ್ಟು, ತಿಂಗಳು ಬಿಟ್ಟು ಅವರಲ್ಲಿ ಎಷ್ಟು ಜನರಿಗೆ ಮತ್ತೆ ಪರೀಕ್ಷೆ ಆಯಿತು, ಎಷ್ಟು ಜನರಿಗೆ ಏರಿತು. ಇಷ್ಟೇ ಸಾಕು. ಚಿಕಿತ್ಸೆ ಶುರುವಾಗಿ ತಿಂಗಳಲ್ಲಿ 1 ಗ್ರಾಂ ಆದರೂ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ಮತ್ತೆ ಪರೀಕ್ಷೆ ಮಾಡದೆ ಅದು ಗೊತ್ತಾಗಲ್ಲ ಅಲ್ವಾ?

ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಜನ ಆರೋಗ್ಯ ಸಮಿತಿ ಇದೆ. ಗ್ರಾಮ ಪಂಚಾಯಿತಿ ಅಧ್ಯಕ್ಷರೇ ಅದಕ್ಕೂ ಅಧ್ಯಕ್ಷರು. ಪಿಎಚ್‌ಸಿ ವೈದ್ಯಾಧಿಕಾರಿ ಸಹ ಅಧ್ಯಕ್ಷರು. ಸದಸ್ಯ ಕಾರ್ಯದರ್ಶಿ ನಮ್ಮಂಥ ಸಮುದಾಯ ಆರೋಗ್ಯ ಅಧಿಕಾರಿ, ನಮ್ಮಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ಸಭೆಯ ಅಜೆಂಡಾ ಬರೆಯುವವರು ನಾವು. ನಿಮ್ಮ ಹಾಳೆಯನ್ನು ನಿಮ್ಮ ಕಡೆಯ ಸಮುದಾಯ ಆರೋಗ್ಯ ಅಧಿಕಾರಿ ಕೈಗೆ ಕೊಡಿ. ಡಾಕ್ಟರು, ಅಧ್ಯಕ್ಷರು ಇಬ್ಬರೂ ಕೂತಿರುವಾಗ ಆ ಅಂಕಿ ಓದಿದರೆ ಹೊತ್ತು ಬದಲಿಸೋದು ಒಬ್ಬ ಸಿಸ್ಟರ್ ಹಠ ಅಂತ ಯಾರೂ ಅನ್ನಲ್ಲ.

ಪ್ರಶ್ನೆ (ಹೆರಿಗೆ ವಾರ್ಡ್ ನರ್ಸ್, ದಾವಣಗೆರೆ):
ನಾವು ವಾರ್ಡ್‌ನವರು. ಊರು, ಓಣಿ ನಮಗೆ ಸಂಬಂಧವೇ ಇಲ್ಲವಲ್ಲ?

ಉತ್ತರ:
ತುಂಬಾ ಸಂಬಂಧ ಇದೆ. ಮೊದಲ ಹೆರಿಗೆಗೆ ಹುಡುಗಿ ತವರಿಗೆ ಬರುತ್ತಾಳೆ. ಹೆಸರು ಬರೆಸಿದ್ದು ಗಂಡನ ಊರಲ್ಲಿ, ಹೆರಿಗೆ ನಿಮ್ಮಲ್ಲಿ, ಬಾಣಂತನ ಇನ್ನೊಂದು ತಾಲ್ಲೂಕಿನಲ್ಲಿ. ಹೆರಿಗೆಯಾಗಿ 3, 7, 14, 21, 28, 42ನೇ ದಿನ ಆಶಾ ಮನೆಗೆ ಹೋಗಿ ತಾಯಿ ಮಗುವನ್ನು ನೋಡಬೇಕು. ಯಾವ ಆಶಾ? ಗಂಡನ ಊರಿನವಳು "ತವರಿಗೆ ಹೋಗಿದ್ದಾಳೆ" ಅಂತ ಬರೆದುಕೊಳ್ಳುತ್ತಾಳೆ. ತವರಿನವಳಿಗೆ ಇವಳು ಬಂದದ್ದೇ ಗೊತ್ತಿರಲ್ಲ. ಬಾಣಂತಿಯ ಮಾತ್ರೆ ಅಲ್ಲಿಗೇ ನಿಲ್ಲುತ್ತದೆ, ಮಗುವಿನ ಒಂದೂವರೆ ತಿಂಗಳ ಲಸಿಕೆಯೂ ತಡವಾಗುತ್ತದೆ.

ಡಿಸ್ಚಾರ್ಜ್ ದಿನ "ಇಲ್ಲಿಂದ ಯಾವ ಊರಿಗೆ ಹೋಗ್ತೀಯಮ್ಮ, ಎಷ್ಟು ತಿಂಗಳು ಇರ್ತೀಯ" ಅಂತ ಕೇಳಿ ತಾಯಿ ಕಾರ್ಡ್ ಮೇಲೆ ಬರೆಯಿರಿ. ಆ ಊರಿನ ಪಿಎಚ್‌ಸಿಗೆ ಒಂದು ಫೋನ್ ಹೋಗಲಿ. ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಜೊತೆ ಕೂತು ಡಿಸ್ಚಾರ್ಜ್ ಹಾಳೆಯಲ್ಲೇ ಈ ಸಾಲಿಗೆ ಜಾಗ ಮಾಡಿಸಿ. ಆಗ ನೀವು ರಜೆಯಲ್ಲಿದ್ದ ದಿನವೂ ಡ್ಯೂಟಿಯಲ್ಲಿರುವ ಸಿಸ್ಟರ್ ಅದನ್ನು ಕೇಳಿಯೇ ಕಳಿಸುತ್ತಾರೆ.